ಏಳನೇ ಬ್ಲಾಕಿನ ಗೀರು

ರಬ್ಬರ್ ಮರಕ್ಕೆ ಮೊದಲ ಸಲ ಕತ್ತಿ ಹಾಕುವ ಮುಂಚೆ ತೊಗಟೆಯ ಮೇಲೆ ಗೀರು ಎಳೆಯಬೇಕು. ಮರಕ್ಕೆ ಮುಖ ಮಾಡಿ ನಿಂತರೆ ಆ ಗೀರು ಎಡಗಡೆ ಎತ್ತರದಲ್ಲಿ ಶುರುವಾಗಿ ಬಲಗಡೆಗೆ ಓರೆಯಾಗಿ ಇಳಿಯಬೇಕು. ತೊಗಟೆಯೊಳಗಿನ ಹಾಲಿನ ನಾಳಗಳು ನೆಟ್ಟಗೆ ಮೇಲೇರುವುದಿಲ್ಲ, ತುಸು ಬಲಕ್ಕೆ ವಾಲಿಕೊಂಡು ಏರುತ್ತವೆ. ಎಡದಿಂದ ಬಲಕ್ಕೆ ಇಳಿಸಿ ಕೊಯ್ದರೆ ಹೆಚ್ಚು ನಾಳಗಳು ತುಂಡಾಗುತ್ತವೆ, ಹಾಲು ಹೆಚ್ಚು ಬರುತ್ತದೆ. ತಿರುಗಾಮುರುಗಾ ಕೊಯ್ದರೆ ಕಡಿಮೆ. ಕೇರಳದಲ್ಲಿ ಎರಡು ವಾರ ತರಬೇತಿ ಪಡೆದಾಗ ಇದನ್ನು ನಾನು ನೋಟ್ ಪುಸ್ತಕದಲ್ಲಿ ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೆ. ಊರಿಗೆ ಬಂದ ಮೇಲೆ ಆ ಪುಸ್ತಕ ತೆರೆಯಲಿಲ್ಲ. ಗೊತ್ತಿದ್ದವನು ಪುಸ್ತಕ ಯಾಕೆ ನೋಡಬೇಕು?

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಸುಳ್ಯದಿಂದ ಅರಂತೋಡಿಗೆ ಹೋಗುವ ರಸ್ತೆಯಿಂದ ಒಳಗೆ, ಗುಡ್ಡಗಳ ಮೇಲೆ ಹಬ್ಬಿದ ರಬ್ಬರ್ ತೋಟದ ಒಂದು ವಿಭಾಗಕ್ಕೆ ನಾನು ಮೇಲ್ವಿಚಾರಕನಾಗಿದ್ದೆ. ಮರಗಳು ಆಗಷ್ಟೇ ಕೊಯ್ಲಿಗೆ ಬಂದಿದ್ದವು. ನನ್ನ ಕೈಕೆಳಗಿನ ಅರವತ್ತು ಜನರಲ್ಲಿ ಅರ್ಧದಷ್ಟು ಊರಿನವರು, ಉಳಿದವರು ಸಿಲೋನಿನಿಂದ ಮರಳಿ ಬಂದ ತಮಿಳರು. ತಲೆಮಾರುಗಳ ಹಿಂದೆ ಅಲ್ಲಿಗೆ ಹೋದವರ ಮಕ್ಕಳು ಮೊಮ್ಮಕ್ಕಳನ್ನು ಎರಡು ಸರ್ಕಾರಗಳು ಮಾತಾಡಿಕೊಂಡು ಹಡಗು ಹತ್ತಿಸಿ ಇಲ್ಲಿ ತಂದು ಇಳಿಸಿದ್ದವು. ಒಂದು ಸಂಸಾರಕ್ಕೆ ಒಂದು ಕೆಲಸ, ಆ ಕೆಲಸದ ಜೊತೆಗೆ ಸಾಲುಮನೆಯಲ್ಲಿ ಒಂದೂವರೆ ಕೋಣೆ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಅವರಿಗೆ ಹಿಂದೆ ಹೋಗಲು ಊರಿರಲಿಲ್ಲ.

ಅವರಲ್ಲಿ ಹೆಚ್ಚಿನವರು ಅಲ್ಲಿ ಚಹಾ ಎಲೆ ಕೊಯ್ದವರು. ರಬ್ಬರ್ ಕೊಯ್ದು ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ. ನಲವತ್ತರ ಆಸುಪಾಸಿನ ಹೆಂಗಸು. ಬರುವ ದಾರಿಯಲ್ಲಿ ಕ್ಯಾಂಪಿನಲ್ಲೇ ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಕಣ್ಣು ಕಾಣದ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ನಾನು ಅವಳನ್ನು 'ಏಳನೇ ನಂಬರ್' ಎಂದು ಕರೆಯುತ್ತಿದ್ದೆ, ಯಾಕೆಂದರೆ ತೋಟದ ನಡುವೆ ಹರಿಯುವ ತೋಡಿನಾಚೆಯ ಏಳನೇ ಬ್ಲಾಕಿನ ಮುನ್ನೂರು ಮರ ಅವಳದ್ದು. ಅವಳು ನನ್ನನ್ನು 'ಕಂಗಾಣಿ' ಎನ್ನುತ್ತಿದ್ದಳು. ಸಿಲೋನಿನ ತೋಟಗಳಲ್ಲಿ ಮೇಲ್ವಿಚಾರಕನಿಗೆ ಅದೇ ಹೆಸರಂತೆ.

ಗೀರು ಎಳೆಯಲು ನಮ್ಮಲ್ಲಿ ಒಂದು ಸಾಧನವಿತ್ತು. ನಾಲ್ಕಡಿಗಿಂತ ತುಸು ಉದ್ದದ ಮರದ ರೀಪು, ಅದರ ತುದಿಗೆ ಬಾವುಟದ ಹಾಗೆ ಓರೆಯಾಗಿ ಮೊಳೆ ಹೊಡೆದ ತಗಡಿನ ಪಟ್ಟಿ. ರೀಪನ್ನು ಬುಡದಲ್ಲಿ ನೆಟ್ಟಗೆ ನಿಲ್ಲಿಸಬೇಕು, ತಗಡನ್ನು ಕಾಂಡದ ಅರ್ಧ ಸುತ್ತಿಗೆ ಬಳಸಬೇಕು, ಅದರ ಅಂಚು ಹಿಡಿದು ಮೊಳೆಯಿಂದ ಗೀಚಬೇಕು. ಸೆಪ್ಟೆಂಬರಿನಲ್ಲಿ ನಮ್ಮ ಕ್ರೈಸ್ತರ ಮೊಂತಿ ಹಬ್ಬ ಮುಗಿದ ವಾರ ಕೆಲಸ ಶುರು ಮಾಡಿ ಆರು ಬ್ಲಾಕು ಮುಗಿಸುವಾಗ ತಗಡು ಕಿತ್ತು ಬಂತು. ಬಡಗಿಯ ಹತ್ತಿರ ಕೊಟ್ಟೆ. ಅವನು ಅರ್ಧ ಗಂಟೆಯಲ್ಲಿ ಬಡಿದು ಕೊಟ್ಟ. ನಾನು ನೋಡದೆ ಹೆಗಲಿಗೇರಿಸಿಕೊಂಡು ತೋಡು ದಾಟಿದೆ.

ಮೊದಲ ಮರಕ್ಕೆ ಗೀರು ಬೀಳುತ್ತಲೇ ಅವಳು ಹತ್ತಿರ ಬಂದಳು.

"ಕಂಗಾಣಿ, ಈ ಕೋಡು ತಪ್ಪು ಬದಿಗೆ ಇಳಿಯುದು," ಎಂದಳು. ಗೆರೆಗೆ ಅವಳ ತಮಿಳು ಮಾತು ಕೋಡು. "ಎಡಗಡೆ ಮೇಲೆ ಇರ್ಬೇಕಲ್ಲ?"

ಸುತ್ತ ಊರಿನ ನಾಲ್ಕಾರು ಆಳುಗಳು ನಿಂತಿದ್ದರು. ತರಬೇತಿಯ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದವನು ನಾನು. ಒಬ್ಬಳು ಕೂಲಿ ಹೆಂಗಸು ಅವರೆದುರು ನನಗೆ ಎಡ ಬಲ ಕಲಿಸುವುದೇ?

"ಸಿಲೋನಿನ ಕ್ರಮ ಸಿಲೋನಿನಲ್ಲಿ. ಇಲ್ಲಿ ಹೇಳಿದ ಹಾಗೆ ಕೊಯ್ಯಿ," ಎಂದೆ.

ಅವಳು ಇನ್ನೊಮ್ಮೆ ಆ ಗೆರೆಯನ್ನು ನೋಡಿ ಮುಂದಿನ ಮರಕ್ಕೆ ನಡೆದಳು.

ಆಮೇಲೆ ತಿಂಗಳುಗಟ್ಟಲೆ ದಿನಾ ಆ ಮರಗಳ ಎದುರು ಓಡಾಡಿಯೂ ನನಗೆ ಹೇಗೆ ಗೊತ್ತಾಗಲಿಲ್ಲ ಎಂದು ಕೇಳುವವರಿದ್ದಾರೆ. ಸಿಪ್ಪೆ ತೆಳ್ಳಗೆ ಬರುತ್ತದೋ, ಕತ್ತಿ ಮರದ ತಿರುಳಿಗೆ ತಾಗಿ ಗಾಯವಾಗಿದೆಯೋ, ಹಾಲಿನ ಚಿಪ್ಪು ನೇರ ಕೂತಿದೆಯೋ, ಇವನ್ನೆಲ್ಲ ನೋಡುತ್ತಿದ್ದೆ. ಗೆರೆ ಯಾವ ಕಡೆಗೆ ಇಳಿಯುತ್ತದೆ ಎಂದು ಮಾತ್ರ ನೋಡಲಿಲ್ಲ. ಒಮ್ಮೆ ಬಾಯಿಬಿಟ್ಟು ಸರಿ ಎಂದು ಹೇಳಿದ ಮೇಲೆ ಕಣ್ಣು ಬಾಯಿಯ ಪಕ್ಷ ವಹಿಸುತ್ತದೆ. ಇದಕ್ಕಿಂತ ದೊಡ್ಡ ಸಮಜಾಯಿಷಿ ನನ್ನಲ್ಲಿಲ್ಲ.

ಡಿಸೆಂಬರ್ ಹೊತ್ತಿಗೆ ಹಾಲು ಚೆನ್ನಾಗಿ ಇಳಿಯುವ ಕಾಲ. ಆರು ಬ್ಲಾಕಿನವರ ಬಕೆಟುಗಳು ಕಂಠದವರೆಗೆ ಬರುವಾಗ ಏಳನೆಯದ್ದು ಪ್ರತಿದಿನ ಕಡಿಮೆ. ಒಂದೆರಡು ದಿನವಾದರೆ ಸರಿ, ಮೂರು ತಿಂಗಳೂ ಹಾಗೆಯೇ. ಹೊರಗಿನ ವ್ಯಾಪಾರಿಗಳಿಗೆ ಕದ್ದು ಹಾಲು ಮಾರುವವರಿದ್ದಾರೆ ಎಂಬ ಸುದ್ದಿ ಆಗ ಎಲ್ಲ ತೋಟಗಳಲ್ಲೂ ಇತ್ತು. ಮೇಲಿನಿಂದ ನನಗೆ ಪ್ರಶ್ನೆ ಬಂತು. ಪ್ರಶ್ನೆ ಬಂದವನಿಗೆ ಉತ್ತರ ಬೇಕು. ನಾನು ಹತ್ತಿರದಲ್ಲಿ ಸಿಕ್ಕಿದ್ದನ್ನು ಹಿಡಿದೆ.

ದಿನಾ ಬೆಳಗ್ಗೆ ಐದೂವರೆಗೆ ಆಫೀಸಿನ ಅಂಗಳದಲ್ಲಿ ಮಸ್ಟರ್. ಎಲ್ಲರೂ ಸಾಲಾಗಿ ನಿಂತು ಹೆಸರು ಕೂಗಿಸಿಕೊಂಡು ಬ್ಲಾಕುಗಳಿಗೆ ಹೋಗಬೇಕು. ಅಲ್ಲಿ, ಎಲ್ಲರೆದುರು, ಅವಳನ್ನು ಮುಂದೆ ಕರೆದೆ.

"ಏಳನೇ ಬ್ಲಾಕಿನ ಹಾಲು ಎಲ್ಲಿಗೆ ಹೋಗ್ತದೆ?"

"ಮರದಲ್ಲೇ ಉಂಟು ಕಂಗಾಣಿ. ಹೊರಗೆ ಬರುದಿಲ್ಲ. ಕೋಡು ತಪ್ಪು ಅಂತ ನಾನು ಅವತ್ತೇ ಹೇಳಿದ್ದು."

"ಕುಣಿಯಲಾರದವಳಿಗೆ ನೆಲ ಡೊಂಕಂತೆ," ಎಂದೆ. ಊರಿನವರು ನಕ್ಕರು. ನಗು ಕೇಳಿ ನನಗೆ ಹುಮ್ಮಸ್ಸು ಬಂತು. "ಕಳ್ಳತನ ಮಾಡಿ ಮರದ ಮೇಲೆ ಹಾಕುದು ಬೇಡ," ಎಂದೂ ಸೇರಿಸಿದೆ.

ಅವಳು ಕೈಯಲ್ಲಿದ್ದ ಕೊಯ್ಯುವ ಕತ್ತಿಯನ್ನು ಮಸ್ಟರ್ ಮೇಜಿನ ಮೇಲೆ ಇಟ್ಟು ಸಾಲುಮನೆಯ ಕಡೆಗೆ ನಡೆದಳು. ಅದನ್ನೂ ನಾನು ವರದಿಯಲ್ಲಿ 'ಅವಿಧೇಯತೆ' ಎಂದು ಬರೆದೆ. ಹಾಲಿನ ಕಳವು, ಅವಿಧೇಯತೆ. ವಾರದೊಳಗೆ ಅವಳನ್ನು ಕೆಲಸದಿಂದ ಅಮಾನತು ಮಾಡಿದರು. ವಿಚಾರಣೆ ನಡೆಸಿ ತೀರ್ಮಾನ ಹೇಳಬೇಕಾದವರು ಸೂಪರಿಂಟೆಂಡೆಂಟರು. ತೀರ್ಮಾನ ವಿರುದ್ಧವಾದರೆ ಕೆಲಸ ಹೋಗಿ, ತಿಂಗಳೊಳಗೆ ಮನೆ ಖಾಲಿ ಮಾಡಬೇಕು.

ಫೆಬ್ರವರಿಯಲ್ಲಿ ರಬ್ಬರ್ ಎಲೆ ಉದುರಿ ಕೊಯ್ಲಿಗೆ ರಜೆ. ಅದೇ ಹೊತ್ತಿಗೆ ನಮಗೆ ಕ್ರೈಸ್ತರಿಗೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ. ನಮ್ಮ ಇಗರ್ಜಿಯಲ್ಲಿ ಹತ್ತಿಪ್ಪತ್ತು ಮನೆಗಳಿಗೊಬ್ಬ ಗುರಿಕಾರ ಇರುತ್ತಾನೆ, ಪಾದ್ರಿಗಳಿಗೂ ಜನರಿಗೂ ನಡುವಿನ ಹಿರಿಯ. ನಮ್ಮ ವಾರ್ಡಿಗೆ ನಾನು ಗುರಿಕಾರ. ಶುಕ್ರವಾರದ ಶಿಲುಬೆ ಹಾದಿಯ ಪ್ರಾರ್ಥನೆಯ ನಂತರ ಹತ್ತು ನಿಮಿಷ ಮಾತಾಡಲು ಪಾದ್ರಿಗಳು ಹೇಳಿದರು. ವಿಷಯ ದೀನತೆ. ಪ್ರಭು ಕೊನೆಯ ಭೋಜನದಲ್ಲಿ ಸೊಂಟಕ್ಕೆ ಟವೆಲು ಸುತ್ತಿಕೊಂಡು ಶಿಷ್ಯರ ಕಾಲು ತೊಳೆದದ್ದನ್ನು ವಿವರಿಸಿದೆ. ಅವರ ಕಾಲು ಎಂಥ ಧೂಳಿನ ಕಾಲು, ನೀರು ಎಷ್ಟು ತಣ್ಣಗಿದ್ದಿರಬೇಕು, ಎಲ್ಲ ಬಣ್ಣಿಸಿದೆ. ಹೊರಗೆ ಬಂದಾಗ ಒಬ್ಬ ಮುದುಕಿ ನನ್ನ ಕೈಹಿಡಿದು ಕಣ್ಣೊರೆಸಿಕೊಂಡಳು. ಪವಿತ್ರ ಗುರುವಾರ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ, ಆ ಹನ್ನೆರಡರ ಪಟ್ಟಿ ಮಾಡುವ ಹೊಣೆಯೂ ನನಗೆ ಬಂತು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಬರೆದೆ.

ಮನೆಗೆ ಬಂದು ಗಂಜಿ ಆರಿದೆ ಎಂದು ಹೆಂಡತಿಯ ಮೇಲೆ ರೇಗಿದೆ.

"ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ," ಎಂದು ಅವಳು ಮತ್ತೆ ಒಲೆ ಹೊತ್ತಿಸಿದಳು.

ಮುಂದಿನ ವಾರ ಎಂಟನೇ ಬ್ಲಾಕಿಗೆ ಗೀರು ಹಾಕುವ ತಯಾರಿ. ಹಳೆಯ ರೀಪು ಸೀಳುಬಿಟ್ಟಿತ್ತೆಂದು ಕೇಂದ್ರದ ಉಗ್ರಾಣದಿಂದ ಹೊಸದು ತರಿಸಿದ್ದೆ. ಉದ್ದ ಸರಿಯಿದೆಯೇ ನೋಡಲು ಎರಡನ್ನೂ ಆಫೀಸಿನ ಜಗಲಿಯಲ್ಲಿ ಒಂದರ ಮೇಲೊಂದು ಇಟ್ಟೆ. ರೀಪುಗಳು ಕೂಡಿಕೊಂಡವು. ತಗಡುಗಳು ಕತ್ತರಿಯ ಹಾಗೆ ಅಡ್ಡಡ್ಡ ನಿಂತವು. ಹೊಸದನ್ನು ತಿರುಗಿಸಿ ಇಟ್ಟೆನೋ ಎಂದು ಮತ್ತೆ ಇಟ್ಟೆ. ಹೊಸದರ ಮೇಲೆ ಎಡ, ಬಲ ಎಂದು ಬಣ್ಣದಲ್ಲಿ ಬರೆದಿತ್ತು. ಒಳಗೆ ಹೋಗಿ ನನ್ನ ನೋಟ್ ಪುಸ್ತಕ ಹುಡುಕಿದೆ. ಕೆಂಪು ಅಡಿಗೆರೆ ಹಾಗೆಯೇ ಇತ್ತು.

ತೋಡು ದಾಟಿ ಏಳನೇ ಬ್ಲಾಕಿಗೆ ಹೋದೆ. ಎಲೆ ಉದುರಿದ್ದರಿಂದ ಬ್ಲಾಕಿನ ಆ ತುದಿಯವರೆಗೂ ಕಾಣುತ್ತಿತ್ತು. ಮುನ್ನೂರು ಮರಗಳಲ್ಲೂ ಗೆರೆ ಬಲದಿಂದ ಎಡಕ್ಕೆ ಇಳಿದಿತ್ತು. ಅವಳ ಕೊಯ್ಲು ಎಷ್ಟು ನಯವಾಗಿತ್ತೆಂದರೆ ನಾನು ಹತ್ತಿಪ್ಪತ್ತು ಮರಗಳ ತೊಗಟೆಯ ಮೇಲೆ ಹೆಬ್ಬೆರಳು ಆಡಿಸಿದರೂ ಒಂದು ಗಾಯ ಸಿಗಲಿಲ್ಲ. ತಪ್ಪು ಗೆರೆಯ ಮೇಲೆ ಇಷ್ಟು ಒಳ್ಳೆಯ ಕೆಲಸ ಮಾಡಿದ್ದಳು. ನಾನು ಅಲ್ಲೇ ಒಂದು ಬುಡದಲ್ಲಿ ಕುಳಿತೆ.

ಆಗ ಎದ್ದು ನೇರ ಸೂಪರಿಂಟೆಂಡೆಂಟರ ಹತ್ತಿರ ಹೋದೆ ಎಂದು ಬರೆಯುವ ಆಸೆ ನನಗಿದೆ. ನಾನು ಹೋದದ್ದು ಮನೆಗೆ. ಎರಡು ದಿನ ಯೋಚಿಸಿದೆ. ಗೀರು ತಪ್ಪು ಎಂದು ಯಾರಿಗೂ ಗೊತ್ತಿಲ್ಲ. ಹೊಸ ಎಲೆ ಬರುವಷ್ಟರಲ್ಲಿ ಏಳನೇ ಬ್ಲಾಕಿನ ಮರಗಳ ಇನ್ನೊಂದು ಮಗ್ಗುಲಿಗೆ ಸರಿಯಾದ ಗೀರು ಹಾಕಿಬಿಟ್ಟರೆ ಮುಗಿಯಿತು. ಅವಳನ್ನು ಉಳಿಸಲಿಕ್ಕೂ ದಾರಿ ಇದೆ. ಕುಳಿತು ಒಂದು ಶಿಫಾರಸು ಬರೆದೆ: ಆಪಾದಿತಳು ವಿಧವೆ, ಇಬ್ಬರು ಹೆಣ್ಣುಮಕ್ಕಳ ತಾಯಿ, ಮಾನವೀಯ ದೃಷ್ಟಿಯಿಂದ ಎಚ್ಚರಿಕೆ ಕೊಟ್ಟು ಕ್ಷಮಿಸಬಹುದು. ಓದಿದಾಗ ನನಗೇ ನನ್ನ ಮೇಲೆ ಗೌರವ ಬಂತು. ಮಾಡದ ತಪ್ಪಿಗೆ ಅವಳನ್ನು ಕ್ಷಮಿಸುತ್ತಿದ್ದೆ, ಅದೂ ತಪಸ್ಸುಕಾಲದಲ್ಲಿ. ಕಾಗದವನ್ನು ಆಫೀಸಿಗೆ ಕಳಿಸಿದೆ.

ಆದರೂ ಮನಸ್ಸಿಗೆ ಹಗುರವಾಗಲಿಲ್ಲ. ಶನಿವಾರ ಸಂಜೆ ಪಾಪನಿವೇದನೆಗೆ ಹೋದೆ. ನಮ್ಮ ಪಾದ್ರಿಗಳು ವಯಸ್ಸಾದವರು, ಮಾತು ಕಡಿಮೆ. ಅವರ ಮುಂದಿನ ಜಾಲರಿಯ ಈಚೆ ಮೊಣಕಾಲೂರಿ ಎಲ್ಲವನ್ನೂ ಹೇಳಿದೆ; ತಗಡು, ಗೀರು, ಮಸ್ಟರು, ಕೊನೆಗೆ ನನ್ನ ಶಿಫಾರಸು. ಶಿಫಾರಸಿನ ಭಾಗ ಹೇಳುವಾಗ ಶಹಭಾಸ್ ಸಿಗಬಹುದೆಂದು ಒಳಗೊಳಗೆ ಕಾಯುತ್ತಿದ್ದೆ.

"ಕಳ್ಳಿ ಅಂತ ಎಲ್ಲಿ ಹೇಳಿದ್ದು?" ಎಂದು ಕೇಳಿದರು.

"ಮಸ್ಟರಿನಲ್ಲಿ, ಫಾದರ್."

"ಎಷ್ಟು ಜನ ಇದ್ರು?"

"ಅರವತ್ತು."

"ಈಗ ಇಲ್ಲಿ ನಾವು ಎಷ್ಟು ಜನ ಇದ್ದೇವೆ?"

"ಇಬ್ಬರು," ಎಂದೆ.

"ನಿಮ್ಮ ಪಾಪವನ್ನು ದೇವರು ಕ್ಷಮಿಸ್ತಾರೆ. ಅವಳ ಹೆಸರು ಸರಿ ಮಾಡುದು ದೇವರ ಕೆಲಸ ಅಲ್ಲ, ನಿಮ್ಮದು," ಎಂದು ಹೇಳಿ ಪಾಪಕ್ಷಮೆ ಕೊಟ್ಟರು. ಪ್ರಾಯಶ್ಚಿತ್ತಕ್ಕೆ ಒಂದು ಜಪವನ್ನೂ ಹೇಳಲಿಲ್ಲ.

ಭಾನುವಾರ ಪೂಜೆ ಮುಗಿಸಿ ಬಿಳಿ ಶರಟಿನಲ್ಲೇ ಸಾಲುಮನೆಗೆ ಹೋದೆ. ದಾರಿಯುದ್ದಕ್ಕೂ ಏನು ಮಾಡಬೇಕೆಂದು ಗಟ್ಟಿಮಾಡಿಕೊಂಡಿದ್ದೆ: ಅವಳ ಕಾಲು ಹಿಡಿಯುತ್ತೇನೆ. ಪ್ರಭು ತೋರಿಸಿಕೊಟ್ಟ ದಾರಿ. ಅವಳು ಬಾಗಿಲ ಬಳಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಾನು "ತಪ್ಪು ನನ್ನದು, ಗೀರು ತಿರುಗಿಸಿ ಹಾಕಿದ್ದು ನಾನು," ಎಂದು ಹೇಳಿ ಬಗ್ಗಿದೆ. ಅವಳು ಬೆಚ್ಚಿ ಕಾಲು ಹಿಂದಕ್ಕೆಳೆದುಕೊಂಡಳು. ಮೊರ ಉರುಳಿ ಎಲೆ, ಹೊಗೆಸೊಪ್ಪು ಎಲ್ಲ ಚೆಲ್ಲಿದವು. ಅಕ್ಕಪಕ್ಕದ ಬಾಗಿಲುಗಳಿಂದ ತಲೆಗಳು ಹೊರಗೆ ಬಂದವು.

"ಕಾಲು ಬೇಡ ಕಂಗಾಣಿ! ನನ್ನ ಕಾಲಲ್ಲಿ ಎಂತ ಉಂಟು?"

"ಕ್ಷಮೆ ಕೇಳ್ಲಿಕ್ಕೆ ಬಂದದ್ದು..."

"ನೀವು ಕಾಲು ಹಿಡಿದು ಹೋಗ್ತೀರಿ. ನಾಳೆ ಎಲ್ಲರೂ ಹೇಳುದು ಎಂತ? ಕಂಗಾಣಿ ಎಷ್ಟು ಒಳ್ಳೆಯವರು, ಕಳ್ಳಿಯ ಕಾಲು ಸಹ ಹಿಡಿದ್ರು ಅಂತ. ನೀವು ದೊಡ್ಡವರಾಗುದು, ನಾನು ಕಳ್ಳಿಯೇ."

ಒಳಗಿನಿಂದ ಅವಳ ಅತ್ತೆ "ವೀಡು ಪೋಚ್ಚಾ?" ಎಂದು ಕೂಗಿದಳು. ಮನೆ ಹೋಯಿತಾ ಎಂದು ಕೇಳುತ್ತಿದ್ದಳು. ಅಪರಿಚಿತ ಗಂಡಸಿನ ದನಿ ಕೇಳಿದಾಗಲೆಲ್ಲ ಮುದುಕಿ ಹಾಗೆಯೇ ಕೇಳುತ್ತಾಳೆಂದು ಆಮೇಲೆ ಗೊತ್ತಾಯಿತು. ಇವಳು ತಮಿಳಿನಲ್ಲಿ ಏನೋ ಸಮಾಧಾನ ಹೇಳಿ ನನ್ನ ಕಡೆ ತಿರುಗಿದಳು.

ನನ್ನ ಶಿಫಾರಸಿನ ಬಗ್ಗೆ ಹೇಳಿದೆ. ಕರುಣೆ ತೋರಿಸಿ ಬಿಡಬೇಕೆಂದು ಬರೆದಿದ್ದೇನೆ, ಕೆಲಸಕ್ಕೆ ತೊಂದರೆಯಿಲ್ಲ ಎಂದೆ.

"ಕರುಣೆ ಎಂತಕ್ಕೆ? ತಪ್ಪು ಮಾಡಿದವರಿಗೆ ಅಲ್ವಾ ಕರುಣೆ?" ಚೆಲ್ಲಿದ ಎಲೆಗಳನ್ನು ಒಂದೊಂದಾಗಿ ಹೆಕ್ಕುತ್ತ ಹೇಳಿದಳು, "ಪೆರಟ್ಟಿಲಿ ಹೇಳಿದ್ದನ್ನು ಪೆರಟ್ಟಿಲಿ ಹೇಳಿ. ಕಾಗದದಲ್ಲಿ ಬರೆದದ್ದನ್ನು ಕಾಗದದಲ್ಲಿ ಬರೆಯಿರಿ. ಅಷ್ಟು ಸಾಕು."

ಪೆರಟ್ಟು ಎಂದರೆ ಅವರ ಭಾಷೆಯಲ್ಲಿ ಮಸ್ಟರು. ಜಾಲರಿಯಾಚೆಯಿಂದ ಕೇಳಿದ ಮಾತನ್ನೇ, ನಮ್ಮ ಇಗರ್ಜಿಯ ಮೆಟ್ಟಿಲು ಹತ್ತದ ಈ ಹೆಂಗಸು ಬೀಡಿ ಎಲೆ ಹೆಕ್ಕುತ್ತ ಹೇಳಿದ್ದಳು. ನಾನೂ ಬಗ್ಗಿ ಎಲೆ ಹೆಕ್ಕಿಕೊಟ್ಟೆ. ಅದನ್ನು ಅವಳು ಬೇಡ ಎನ್ನಲಿಲ್ಲ.

ಬರೆಯಲು ಕುಳಿತೆ. ಮೊದಲನೆಯ ಕಾಗದದಲ್ಲಿ ಬಡಗಿ ತಗಡನ್ನು ತಿರುಗಿಸಿ ಬಡಿದ ಎಂದು ಆರಂಭವಾಯಿತು. ಅದು ಸುಳ್ಳಲ್ಲ. ಆದರೆ ಬಡಗಿಗೆ ರಬ್ಬರಿನ ಎಡ ಬಲ ಗೊತ್ತಿರಬೇಕಾಗಿರಲಿಲ್ಲ, ನನಗೆ ಗೊತ್ತಿರಬೇಕಾಗಿತ್ತು. ಹರಿದೆ. ಎರಡನೆಯದರಲ್ಲಿ ಕೆಲಸದ ಒತ್ತಡ, ಮಳೆಯ ಅವಸರ ಎಲ್ಲ ಬಂದವು. ಅದನ್ನೂ ಹರಿದೆ. ಮೂರನೆಯದರಲ್ಲಿ ಒಂದು ಮಾತು ಬಿಟ್ಟುಹೋಗಿತ್ತು, ಅವಳು ಮೊದಲ ದಿನವೇ ಹೇಳಿದ್ದಳು ಎಂಬುದು. ಅದನ್ನು ಬಿಟ್ಟರೆ ನನ್ನದು ಬರೀ ಕೈತಪ್ಪು; ಬರೆದರೆ ಅಹಂಕಾರ. ಆ ಕಾಗದವನ್ನೂ ಹರಿದೆ. ಹೆಂಡತಿ ಬಂದು ಹರಿದ ಕಾಗದಗಳನ್ನು ಒಲೆಗೆಂದು ಆರಿಸಿಕೊಂಡಳು. ನಾಲ್ಕನೆಯದು ಆರು ಸಾಲಿನಲ್ಲಿ ಮುಗಿಯಿತು. ಗೀರು ನಾನು ತಪ್ಪಾಗಿ ಹಾಕಿದೆ. ಮರ ಕೊಯ್ಯುವವಳು ಆ ದಿನವೇ ತಿಳಿಸಿದಳು. ನಾನು ಕೇಳಲಿಲ್ಲ. ಹಾಲು ಕಡಿಮೆಯಾದದ್ದು ಅದರಿಂದ. ಕಳವು ನಡೆದಿಲ್ಲ. ನನ್ನ ಹಿಂದಿನ ವರದಿ ಮತ್ತು ಶಿಫಾರಸು ಎರಡನ್ನೂ ಹಿಂತೆಗೆದುಕೊಳ್ಳುತ್ತೇನೆ.

ಸೂಪರಿಂಟೆಂಡೆಂಟರು ಪುತ್ತೂರು ಕಡೆಯ ದೊಡ್ಡ ಕೃಷಿಕರ ಮನೆಯವರು, ಒಳ್ಳೆಯ ಮನುಷ್ಯ. ಕಾಗದ ಓದಿ ಬಾಗಿಲು ಮುಂದಕ್ಕೆ ಹಾಕಿ ಬಂದು ಕುಳಿತರು.

"ಎಂತ ಮಾರಾಯ್ರೆ ಇದು? ಫೀಲ್ಡ್ ಆಫೀಸರ್ ಹುದ್ದೆಗೆ ನಿಮ್ಮ ಹೆಸರು ನಾನೇ ಮೇಲೆ ಕಳಿಸಿದ್ದು. ಇದು ಫೈಲಿಗೆ ಹೋದ್ರೆ ಆ ಹುದ್ದೆ ಬಿಡಿ, ಈಗ ಇದ್ದದ್ದೂ ಉಳಿಯುದಿಲ್ಲ."

"ಗೊತ್ತುಂಟು ಸಾರ್."

"ಒಂದು ಕೆಲಸ ಮಾಡುವ. ಸಾಕ್ಷಿ ಸಾಲದು ಅಂತ ಬರೆದು ನಾನು ಕೇಸು ಮುಚ್ಚಿ ಬಿಡ್ತೇನೆ. ಅವಳಿಗೆ ಕೆಲಸ ಸಿಗ್ತದೆ, ಮನೆ ಉಳಿತದೆ. ನಿಮ್ಮ ಮರ್ಯಾದೆಯೂ ಉಳಿತದೆ. ಯಾರಿಗೆ ಎಂತ ನಷ್ಟ ಹೇಳಿ?"

ಆ ಕ್ಷಣ ನಾನು ನಿಜವಾಗಿ ಅಲುಗಾಡಿದೆ. ಕೆಲಸ ಸಿಕ್ಕಿತು, ಮನೆ ಉಳಿಯಿತು, ಅವಳಿಗೆ ಬೇಕಾದದ್ದು ಅದೇ ತಾನೆ? ಹತ್ತು ವರ್ಷದಿಂದ ಕಾಯುತ್ತಿದ್ದ ಹುದ್ದೆ. ಮನೆಯಲ್ಲಿ ಮಕ್ಕಳ ಓದು. ಕಾಗದ ಮೇಜಿನ ಮೇಲೆ ನಮ್ಮಿಬ್ಬರ ನಡುವೆ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರು ಅದನ್ನು ನನ್ನ ಕಡೆಗೆ ಸ್ವಲ್ಪ ಸರಿಸಿಯೂ ಇದ್ದರು.

"ಸಾಕ್ಷಿ ಸಾಲದು ಅಂದ್ರೆ, ಕದ್ದಿರಬಹುದು, ಸಿಕ್ಕಿಬೀಳ್ಲಿಲ್ಲ ಅಂತ ಆಗ್ತದಲ್ಲ ಸಾರ್?" ಎಂದೆ. "ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಾಳೆ ಮದುವೆ ಮಾತಿಗೆ ಬಂದವರು ಕೇಳ್ತಾರೆ."

ಅವರು ಕಾಗದವನ್ನು ಎತ್ತಿ ಮೂಲೆಯಲ್ಲಿ ಸಹಿ ಹಾಕಿ ಫೈಲಿಗೆ ಸೇರಿಸಿದರು. "ನಿಮ್ಮಿಷ್ಟ. ನನಗೆ ಬೇಸರ ಉಂಟು," ಎಂದರು.

ಮಸ್ಟರಿನಲ್ಲಿ ಮಾತಾಡಲು ಅನುಮತಿ ಕೇಳಿದ್ದಕ್ಕೆ ತಲೆಯಾಡಿಸಿದರು. ಕೊಯ್ಲು ಮತ್ತೆ ಶುರುವಾಗುವ ಮೊದಲ ದಿನ, ಅರವತ್ತೂ ಜನ ಬಂದಿದ್ದರು. ಅವಳನ್ನೂ ಬರಹೇಳಿದ್ದೆ, ಸಾಲಿನ ಕೊನೆಯಲ್ಲಿ ಮಕ್ಕಳ ಜೊತೆ ನಿಂತಿದ್ದಳು. ನಾನು ಕನ್ನಡದಲ್ಲಿ ಹೇಳಿದೆ. ಸಿಲೋನಿನವರಲ್ಲಿ ಕನ್ನಡ ಬಲ್ಲ ಒಬ್ಬ ಹಿರಿಯನನ್ನು ತಮಿಳಿಗೆ ಹೇಳಲು ನಿಲ್ಲಿಸಿಕೊಂಡಿದ್ದೆ. ಅವನಿಗೆ ನನ್ನ ಮೇಲೆ ಗೌರವ ಹೆಚ್ಚು. ನಾನು ತಪ್ಪು ನನ್ನದು ಎಂದರೆ ಅವನು ತಗ್ಗಿದ ದನಿಯಲ್ಲಿ ಏನೇನೋ ಉದ್ದಕ್ಕೆ ಹೇಳಿದ. ನಾನು ಹೇಳದ ತಗಡು, ಬಡಗಿ ಎಂಬ ಮಾತುಗಳೂ ಕೇಳಿಸಿದವು.

"ಇಲ್ಲ," ಎಂದು ಅವಳು ಸಾಲಿನ ಕೊನೆಯಿಂದ ಹೇಳಿದಳು. "ಕಂಗಾಣಿ ಅದು ಹೇಳ್ಲಿಲ್ಲ."

ಹಿರಿಯ ತಬ್ಬಿಬ್ಬಾದ. ಸಾಲುಮನೆಯವರ ಒಡನಾಟದಲ್ಲಿ ನಾನು ಕಲಿತ ನಾಲ್ಕು ತಮಿಳು ಮಾತು ನನ್ನಲ್ಲಿದ್ದವು. ಮುಂದೆ ಬಂದು ಜೋರಾಗಿ ಹೇಳಿದೆ: "ತಪ್ಪು ಎನ್ನೋಡದು. ಇವಂಗ ತಿರುಡಲೇ." ತಪ್ಪು ನನ್ನದು, ಇವರು ಕದಿಯಲಿಲ್ಲ. ಉಚ್ಚಾರ ಹೇಗಿತ್ತೋ, ಹುಡುಗಿಯರಲ್ಲಿ ಚಿಕ್ಕವಳು ಕಿಸಕ್ಕನೆ ನಕ್ಕಳು. ಅವತ್ತು ನನ್ನ ಗಾದೆಗೆ ನಕ್ಕಿದ್ದ ಊರಿನವರು ನೆಲ ನೋಡುತ್ತ ನಿಂತರು. ಅವಳು ಮೇಜಿನ ಹತ್ತಿರ ಬಂದು, ಮೂರು ತಿಂಗಳಿಂದ ಡ್ರಾಯರಿನಲ್ಲಿದ್ದ ತನ್ನ ಕತ್ತಿ ಕೊಡಿ ಎಂದು ಕೇಳಿದಳು. ಕೊಟ್ಟೆ. ಬಾಯಿ ಮೊಂಡಾಗಿದೆಯೇ ಎಂದು ಬೆರಳಿನಲ್ಲಿ ನೋಡಿಕೊಂಡಳು.

ಆದೇಶ ಬರಲು ಹದಿನೈದು ದಿನ ಹಿಡಿಯಿತು. ಅವಳ ಮೇಲಿನ ಆಪಾದನೆ ರದ್ದು, ಅಮಾನತಿನ ಕಾಲದ ಪೂರ್ತಿ ಸಂಬಳ, ಮನೆ ಅವಳದ್ದೇ. ನನ್ನ ಹೆಸರು ಹುದ್ದೆಯ ಪಟ್ಟಿಯಿಂದ ಹೋಯಿತು. ಈಸ್ಟರ್ ಹಬ್ಬ ಮುಗಿದ ಮೇಲೆ ಹೊಸ ಮೇಲ್ವಿಚಾರಕ ಬರುತ್ತಾನೆ, ನಾನು ಹೊಗೆಮನೆಗೆ ಹೋಗಿ ರಬ್ಬರ್ ಹಾಳೆ ಒಣಗಿಸುವುದನ್ನು ನೋಡಿಕೊಳ್ಳಬೇಕು. ಕಣ್ಣುರಿಯುವ ಕೆಲಸ. ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನ ಹೆಂಡತಿಗೆ ಕಾಣದ ಹಾಗೆ ಬಾವಿಕಟ್ಟೆಯ ಹತ್ತಿರ ಕುಳಿತು ಅತ್ತೆ.

ಇಗರ್ಜಿಯಲ್ಲಿ ಸುದ್ದಿ ಹಬ್ಬಿತು. "ಗುರಿಕಾರರೇ, ಇಷ್ಟು ದೀನತೆ ಬೇಕಿತ್ತಾ?" ಎಂದು ಒಬ್ಬರು ಕೇಳಿದರು. ಆ ಮಾತು ಕೇಳಿ ಒಳಗೆ ಒಂದು ಗಳಿಗೆ ಹಿತವಾಯಿತು. ನಾಯಿಯ ಬಾಲ ಯಾವತ್ತೂ ಡೊಂಕು ಎಂದು ನನ್ನನ್ನು ನಾನೇ ಬೈದುಕೊಂಡೆ. ಹನ್ನೆರಡರ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದು ಘಂಟೆ ಬಾರಿಸುವ ಅಜ್ಜನ ಹೆಸರು ಬರೆದು ಪಾದ್ರಿಗಳಿಗೆ ಕೊಟ್ಟೆ. ಅವರು ಓದಿ ಜೇಬಿಗೆ ಹಾಕಿಕೊಂಡರು.

ಪವಿತ್ರ ವಾರ ಬಂತು. ಏಳನೇ ಬ್ಲಾಕಿನ ಮರಗಳ ಇನ್ನೊಂದು ಮಗ್ಗುಲಿಗೆ ಹೊಸ ಗೀರು ಹಾಕಬೇಕಿತ್ತು. ಗೀರು ಅವಳೇ ಹಾಕಲಿ ಎಂದು ಸೂಪರಿಂಟೆಂಡೆಂಟರು ಹೇಳಿದ್ದರು. ರೀಪು ಹಿಡಿಯಲು ಇನ್ನೊಬ್ಬರು ಬೇಕು. ನಾನೇ ಕೇಳಿ ಹೋದೆ. ರೀಪು ಹಿಡಿಯುವವನು ಪ್ರತಿ ಮರದ ಬುಡದಲ್ಲೂ ಮೊಣಕಾಲೂರಿ ಕುಳಿತು, ಅದು ವಾಲದ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕು. ನಿಂತಲ್ಲಿಂದ ಆಜ್ಞೆ ಮಾಡಿದವನಿಗೆ ಈ ಕೆಲಸ ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಚಗಳಿ ಇರುವೆಗಳು ಕುತ್ತಿಗೆಗೆ ಹತ್ತಿ ಕಚ್ಚುತ್ತಿದ್ದವು. ಕೈ ಬಿಟ್ಟು ತುರಿಸಿಕೊಂಡರೆ ಗೆರೆ ಹಾಳು.

"ನೆಟ್ಟಗೆ ಹಿಡಿಯಿರಿ ಕಂಗಾಣಿ."

"ಸರಿ ಅಕ್ಕ."

ಅಕ್ಕ ಎಂದು ಹೇಗೆ ಬಂತೋ ಗೊತ್ತಿಲ್ಲ. ಅವಳು ಗಮನಿಸಿದ ಹಾಗೆ ಕಾಣಲಿಲ್ಲ. ಒಂದು ಮರದಲ್ಲಿ ಗೆರೆ ಒಂದಿಷ್ಟು ಏರುಪೇರಾಯಿತೆಂದು ನನ್ನಿಂದ ಮತ್ತೆ ರೀಪು ಹಿಡಿಸಿ ಇನ್ನೊಮ್ಮೆ ಗೀಚಿದಳು. ಇನ್ನೊಂದರಲ್ಲಿ ನಾನು ರೀಪನ್ನು ಬೇರಿನ ಮೇಲೆ ಇಟ್ಟಿದ್ದೇನೆಂದು ಬೈದಳು. ಅವಳು ಬೈದದ್ದು ಸರಿಯಾಗಿತ್ತು.

ಬುಧವಾರ ನೂರು ಮರ, ಗುರುವಾರ ಮಧ್ಯಾಹ್ನಕ್ಕೆ ಇನ್ನೊಂದು ನೂರು ಮುಗಿದವು. ಬಿಸಿಲೇರಿತ್ತು. ಇಬ್ಬರೂ ತೋಡಿಗೆ ಇಳಿದು ಕೈಕಾಲು ತೊಳೆದುಕೊಂಡೆವು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾಗ, ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಬಿಟ್ಟೆ.

"ಅಕ್ಕ, ನನ್ನ ಮೇಲೆ ಸಿಟ್ಟು ಉಂಟಾ?"

ಅವಳು ಯೋಚಿಸಿದಳು. ಬಾಯಿಮಾತಿಗೆ ಸಮಾಧಾನ ಹೇಳುವ ಹೆಂಗಸಲ್ಲ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

"ಉಂಟು," ಎಂದಳು. "ನಾಳೆ ಬೇಗ ಬನ್ನಿ. ಇನ್ನೂ ನೂರು ಮರ ಉಂಟು."

ಮರುದಿನ ಶುಭ ಶುಕ್ರವಾರ, ನನಗೆ ರಜೆ. ಇಗರ್ಜಿಯಲ್ಲಿ ಆರಾಧನೆ ಮಧ್ಯಾಹ್ನ ಮೂರಕ್ಕೆ. ಬೆಳಗ್ಗೆ ಐದೂವರೆಗೆ ರೀಪು ಹೊತ್ತು ತೋಡು ದಾಟಿದೆ. ಅವಳು ಆಗಲೇ ಬಂದು ಇನ್ನೂರ ಒಂದನೇ ಮರದ ಬುಡದ ತರಗೆಲೆಗಳನ್ನು ನನಗಾಗಿ ಬದಿಗೆ ಸರಿಸುತ್ತಿದ್ದಳು.